ಹೇಳದೆ ಬಿಟ್ಟದ್ದರ ಲೆಕ್ಕ

ನೋಟ್‌ಪ್ಯಾಡಿನ ಖಾಲಿ ಹಾಳೆ ಕಂಪ್ಯೂಟರಿನ ಮಟ್ಟಿಗೆ ಹಾಳೆಯಲ್ಲ. ವಿಂಡೋಸ್ 10ರ ತನಕ ಅದು ‘ಎಡಿಟ್’ ಎಂಬ ವರ್ಗಕ್ಕೆ ಸೇರಿದ, 15 ಎಂಬ ಗುರುತಿನ ಸಂಖ್ಯೆಯ ಒಂದು ವಿಂಡೋ. ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರಿಗೆ ಸ್ಕ್ರಿಪ್ಟ್ ಬರೆಯಲು ಕಲಿಯುವವರಿಗೆಂದು ಇರುವ ಕೈಪಿಡಿಯಲ್ಲಿ ಇದರದೇ ಒಂದು ಉದಾಹರಣೆ ಸಿಗುತ್ತದೆ: ವರ್ಗ ‘ಎಡಿಟ್’ ಆಗಿದ್ದು ಸಂಖ್ಯೆ 15 ಆಗಿದ್ದರೆ ಇದರ ಹೆಸರು ‘ಕಂಟೆಂಟ್’ ಎಂದು ಹೇಳು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬೆರಳೆಣಿಕೆಯಷ್ಟು ಸಾಲುಗಳು. ಅದನ್ನು ಸರಿಯಾದ ಫೋಲ್ಡರಿನಲ್ಲಿ ಇಟ್ಟು ಎನ್‌ವಿಡಿಎಯನ್ನು ಮತ್ತೆ ಚಾಲೂ ಮಾಡಿದರೆ, ಕಣ್ಣು ಕಾಣದ ಒಬ್ಬರು ಆ ಹಾಳೆಗೆ ಬಂದಾಗ ಅವರ ಕಿವಿಗೆ ಮೊದಲು ಬೀಳುವ ಪದವನ್ನು ನೀವು ಆರಿಸಿದ ಹಾಗಾಯಿತು.

ಇಷ್ಟಕ್ಕೆಲ್ಲ ನೀತಿಯ ಮಾತು ಯಾಕೆ, ಇದು ಬರೀ ತಾಂತ್ರಿಕ ಕೆಲಸವಲ್ಲವೇ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇನ್ನೊಬ್ಬರು ಏನನ್ನು ಕೇಳಿಸಿಕೊಳ್ಳಬೇಕು, ಯಾವುದನ್ನು ಮೊದಲು, ಯಾವುದನ್ನು ಆಮೇಲೆ, ಯಾವುದು ಕೇಳಿಸದಿದ್ದರೂ ನಡೆದೀತು ಎಂದು ತೀರ್ಮಾನಿಸುವ ಅಧಿಕಾರ ಸಣ್ಣದೇನಲ್ಲ. ಪತ್ರಿಕೆಯ ಸಂಪಾದಕರಿಗೆ, ಕೋರ್ಟಿನ ದುಭಾಷಿಗಳಿಗೆ ಆ ಅಧಿಕಾರ ಇದೆಯೆಂದು ನಮಗೆ ಗೊತ್ತು. ಅವರು ಅದನ್ನು ಹೇಗೆ ಬಳಸುತ್ತಾರೆ ಎಂದು ಒಂದು ಕಣ್ಣಿಟ್ಟೇ ಇರುತ್ತೇವೆ. ಎಲ್ಲೋ ಮೂಲೆಯಲ್ಲಿ ಕೂತು ಐವತ್ತು ಸಾಲಿನ ಸ್ಕ್ರಿಪ್ಟ್ ಬರೆಯುವವನ ಮೇಲೆ ಯಾರ ಕಣ್ಣೂ ಇಲ್ಲ.

ಕಣ್ಣಿರುವವರಿಗೆ ವಿಂಡೋ ಎಂಬುದು ಒಂದೇ ಏಟಿಗೆ ಕಾಣುವ ಜಾಗ. ಮೇಲೆ ಮೆನು, ನಡುವೆ ಪಟ್ಟಿ, ಬಲಗಡೆ ಮೂರು ಗುಂಡಿ, ಕೆಳಗೆ ಏನೋ ಬರೆದ ಒಂದು ಅಂಚು. ನೋಡಿದ್ದರಲ್ಲಿ ಮುಕ್ಕಾಲು ಪಾಲು ಬೇಡವೆಂದು ಅವರ ಕಣ್ಣೇ ತೀರ್ಮಾನಿಸಿ ಬಿಟ್ಟುಬಿಡುತ್ತದೆ; ಬಿಟ್ಟದ್ದು ಅವರಿಗೆ ಗೊತ್ತೂ ಆಗುವುದಿಲ್ಲ. ಕಿವಿಗೆ ಈ ಸವಲತ್ತಿಲ್ಲ. ಅದಕ್ಕೆ ಎಲ್ಲವೂ ಒಂದಾದ ಮೇಲೊಂದು ಬರಬೇಕು. ಪಳಗಿದವರು ನಿಮಿಷಕ್ಕೆ 300 ಪದಗಳನ್ನೂ ಮೀರಿದ ವೇಗದಲ್ಲಿ ಕೇಳಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ಕೂತವರಿಗೆ ಅದು ಮಾತೆಂದೇ ಅನ್ನಿಸುವುದಿಲ್ಲ. ಅಷ್ಟು ವೇಗದಲ್ಲೂ ಬೇಡದ ಹತ್ತು ಮಾತು ದಾಟಿ ಬೇಕಾದ ಒಂದಕ್ಕೆ ಬರುವುದೆಂದರೆ ದಿನವಿಡೀ ಸುಂಕ ಕಟ್ಟಿದಂತೆಯೇ. ಕಣ್ಣು ತಾನಾಗಿ ಮಾಡುವ ಆಯ್ಕೆಯನ್ನು ಇಲ್ಲಿ ಯಾರಾದರೂ ಕೂತು ಬರೆಯಬೇಕು. ಸ್ಕ್ರಿಪ್ಟ್ ಹುಟ್ಟುವುದು ಇಲ್ಲಿ.

ಅದು ಅಂಟಿಕೊಳ್ಳುವ ಬಗೆ ಸರಳ. ಒಂದು ಅಪ್ಲಿಕೇಶನ್ ಚಾಲೂ ಆದಾಗ, ಅದರ ಇಎಕ್ಸ್‌ಇ ಕಡತದ ಹೆಸರನ್ನೇ ಇಟ್ಟುಕೊಂಡ ಪೈಥಾನ್ ಕಡತವೊಂದು ‘ಆಪ್‌ಮಾಡ್ಯೂಲ್ಸ್’ ಫೋಲ್ಡರಿನಲ್ಲಿ ಇದೆಯೇ ಎಂದು ಎನ್‌ವಿಡಿಎ ಹುಡುಕುತ್ತದೆ. ಇದ್ದರೆ, ಆ ಅಪ್ಲಿಕೇಶನ್ನಿನ ವಿಂಡೋಗಳ ಮಟ್ಟಿಗೆ ಅದು ಹೇಳಿದಂತೆ ನಡೆಯುತ್ತದೆ. ಇದಕ್ಕಿಂತ ಹಳೆಯದಾದ ಜಾಸ್ ಎಂಬ ಸ್ಕ್ರೀನ್ ರೀಡರಿನಲ್ಲಿ ಇನ್ಸರ್ಟ್ ಕೀಯ ಜೊತೆ ಸೊನ್ನೆ ಒತ್ತಿದರೆ ಸ್ಕ್ರಿಪ್ಟ್ ಮ್ಯಾನೇಜರ್ ತೆರೆದುಕೊಂಡು, ಎದುರಿಗಿರುವ ಅಪ್ಲಿಕೇಶನ್ನಿನ ಸ್ಕ್ರಿಪ್ಟ್ ಕಡತವನ್ನು ಮುಂದಿಡುತ್ತದೆ. ಅದರ ಭಾಷೆ ಬೇರೆ, ಉದ್ದೇಶ ಒಂದೇ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಿಕೊಳ್ಳುವುದು ಒಳ್ಳೆಯದು. ಕಣ್ಣಿರುವ ಪುಣ್ಯಾತ್ಮರು ಕಣ್ಣಿಲ್ಲದವರಿಗೆ ಮಾಡಿಕೊಟ್ಟ ಉಪಕಾರ ಇದಲ್ಲ. ಜಾಸ್ ಕಟ್ಟಿದ ಟೆಡ್ ಹೆಂಟರ್ ಮೋಟರ್‌ಸೈಕಲ್ ರೇಸಿನ ಆಳು. 1978ರಲ್ಲಿ ಕಾರು ಅಪಘಾತದಲ್ಲಿ ದೃಷ್ಟಿ ಹೋಯಿತು, ಪ್ರೋಗ್ರಾಮಿಂಗ್ ಕಲಿತರು, 1987ರಲ್ಲಿ ಬಿಲ್ ಜಾಯ್ಸ್ ಜೊತೆ ಸೇರಿ ಫ್ಲಾರಿಡಾದಲ್ಲಿ ಕಂಪನಿ ಶುರುಮಾಡಿದರು. ಡಾಸ್ ಕಾಲದ ಜಾಸ್ 1989ರಲ್ಲಿ ಹೊರಬಂತು. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಎನ್‌ವಿಡಿಎ ಬರೆಯಲು ಕೂತಾಗ ಅವರ ಸಿಟ್ಟು ಬೆಲೆಯ ಮೇಲಿತ್ತು: ಕಣ್ಣಿರುವವರು ಕಂಪ್ಯೂಟರಿಗೆ ಕೊಟ್ಟಷ್ಟೇ ದುಡ್ಡನ್ನು ಕಣ್ಣಿಲ್ಲದವರೂ ಕೊಟ್ಟು, ಅದರ ಮಾತು ಕೇಳಲು ಮತ್ತೆ ಅದಕ್ಕಿಂತ ಹೆಚ್ಚು ಯಾಕೆ ಕೊಡಬೇಕು? ಬಾಲ್ಯದ ಗೆಳೆಯ ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರೂ ಅಂಧರು. ಎನ್‌ವಿಡಿಎ ಇವತ್ತಿಗೂ ಉಚಿತ, ಅದರ ಮೂಲ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಕೇಳುವ ಕಿವಿಯೇ ಬರೆದ ಕೋಡ್ ಇದು. ನನ್ನಂಥ ಕಣ್ಣಿರುವವರು ಈ ಕೆಲಸಕ್ಕೆ ಕೈ ಹಾಕುವಾಗ ಅತಿಥಿಗಳಾಗಿ ಹೋಗಿರುತ್ತೇವೆ ಎಂಬುದು ನೆನಪಿರಬೇಕು.

ನಮ್ಮ ಕಡೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ದೃಷ್ಟಿಯಿಲ್ಲದ ಗುಮಾಸ್ತರೊಬ್ಬರಿದ್ದಾರೆ. ಸಂಘಕ್ಕೆ ಯಾರೋ ಮಾಡಿಕೊಟ್ಟ ಲೆಕ್ಕದ ಸಾಫ್ಟ್‌ವೇರಿನ ವಿಂಡೋ ತೆರೆದು ಟ್ಯಾಬ್ ಒತ್ತುತ್ತಾ ಹೋದರೆ ಎನ್‌ವಿಡಿಎ ಹೇಳುತ್ತಿದ್ದದ್ದು ಇಷ್ಟು: ‘ಬಟನ್, ಬಟನ್, ಎಡಿಟ್ ಬ್ಲಾಂಕ್, ಎಡಿಟ್ ಬ್ಲಾಂಕ್, ಬಟನ್.’ ಯಾವ ಗುಂಡಿಗೂ ಹೆಸರಿಲ್ಲ, ಎಲ್ಲವೂ ಬರೀ ಚಿತ್ರ. ನಾಲ್ಕನೆಯದು ಹುಡುಕುವ ಗುಂಡಿ, ಏಳನೆಯದು ವೋಚರ್ ಎಂದು ಅವರು ಎಣಿಸಿ ಬಾಯಿಪಾಠ ಮಾಡಿಕೊಂಡಿದ್ದರು. ಆ ಗುಂಡಿಗಳಿಗೆ ಹೆಸರು ಕೊಟ್ಟು, ಖಾತೆ ತೆರೆದ ಕೂಡಲೇ ಏನನ್ನು ಓದಬೇಕು ಎಂದು ಗೊತ್ತುಮಾಡಲು ನಾವಿಬ್ಬರೂ ಕೂತೆವು.

“ಸರ್, ಎಲ್ಲಾ ಓದಿಸ್ಬೇಡಿ. ಶಿಲ್ಕು ಎಷ್ಟು ಅಂತ ಹೇಳಿದ್ರೆ ಸಾಕು. ಕೌಂಟರಲ್ಲಿ ಜನ ನಿಂತಿರ್ತಾರೆ.”

“ಕೆಳಗೆ ಕೆಂಪು ಪಟ್ಟಿ ಬರ್ತದಲ್ಲ, ಅದು ಬೇಡ್ವಾ?”

“ಕೆಂಪು ಪಟ್ಟಿಯಾ?”

“ಸಾಲ ಸುಸ್ತಿ ಆಗಿದ್ರೆ ಬರ್ತದೆ. ‘ಈ ಸದಸ್ಯರ ಸಾಲ ಸುಸ್ತಿಯಲ್ಲಿದೆ’ ಅಂತ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. “ಪಕ್ಕದ ಟೇಬಲ್‌ನೋರು ಯಾರೇ ಬಂದ್ರೂ ‘ಇವ್ರದ್ದು ಸುಸ್ತಿ ಇದೆ ನೋಡಿ’ ಅಂತಿದ್ರು. ಅವ್ರಿಗೆ ಇಡೀ ಊರಿನ ಸಾಲ ಬಾಯಿಪಾಠ ಇದೆ ಅಂದ್ಕೊಂಡಿದ್ದೆ ಸರ್. ನನಗ್ಯಾಕೆ ಅಷ್ಟು ನೆನಪಿರಲ್ಲ ಅಂತ ಬೇಜಾರೂ ಆಗ್ತಿತ್ತು.”

ಆ ನಗೆಯಲ್ಲಿ ಇದ್ದ ವಿಷಯ ಇದು: ತಪ್ಪು ಮಾತನ್ನು ಕೇಳಿದವರು ಅನುಮಾನಪಡಬಹುದು. ಶಿಲ್ಕು ನಾಲ್ಕು ಲಕ್ಷ ಎಂದು ಯಂತ್ರ ಹೇಳಿದರೆ, ಪಿಗ್ಮಿ ಕಟ್ಟುವ ತರಕಾರಿ ಅಂಗಡಿಯವರ ಖಾತೆಯಲ್ಲಿ ಅಷ್ಟೆಲ್ಲಿಂದ ಬಂತು ಎಂದು ಮತ್ತೊಮ್ಮೆ ಕೇಳಿಸಿಕೊಳ್ಳಬಹುದು. ಹೇಳದೇ ಬಿಟ್ಟದ್ದನ್ನು ಅನುಮಾನಿಸುವುದು ಹೇಗೆ? ಅಲ್ಲೊಂದು ಮಾತಿತ್ತು ಎಂಬುದೇ ಗೊತ್ತಿಲ್ಲ. ಪಟ್ಟಿ ಓದದ ಯಂತ್ರದ ಮೇಲೆ ಬರಬೇಕಾದ ಅನುಮಾನ ಆ ಮನುಷ್ಯನಿಗೆ ತನ್ನ ಜ್ಞಾಪಕಶಕ್ತಿಯ ಮೇಲೆ ಬಂದಿತ್ತು. ಸುಳ್ಳು ಹೇಳಬಾರದು ಎಂದು ಚಿಕ್ಕಂದಿನಿಂದ ಕಲಿತಿದ್ದೇವೆ. ಇನ್ನೊಬ್ಬರ ಪರವಾಗಿ ಮೌನವಾಗಿರುವುದಕ್ಕೆ ಯಾವ ನಿಯಮ ಎಂದು ಯಾರೂ ಕಲಿಸಿಲ್ಲ.

ಟಿವಿ ಇನ್ನೂ ಮನೆಮನೆಗೆ ಬರದ ಕಾಲದಲ್ಲಿ ಅಜ್ಜಂದಿರಿಗೆ ಪೇಪರ್ ಓದಿ ಹೇಳುವ ಕೆಲಸ ಮೊಮ್ಮಕ್ಕಳ ಪಾಲಿಗೆ ಬರುತ್ತಿತ್ತು. ಅಡಿಕೆ ಧಾರಣೆ ಓದು, ಮಳೆ ಸುದ್ದಿ ಓದು. ಅಜ್ಜನ ಗೆಳೆಯರ ನಿಧನ ವಾರ್ತೆ ಬಂದ ದಿನ ದೊಡ್ಡವರು ಕಣ್ಸನ್ನೆ ಮಾಡುತ್ತಿದ್ದರು. ಹುಡುಗ ಆ ಪುಟ ಹಾರಿಸಿಬಿಡುತ್ತಿದ್ದ. ಮನೆಯವರೆಲ್ಲರ ಉದ್ದೇಶ ಒಳ್ಳೆಯದೇ. ಆದರೆ ಅಂದು ಪೇಪರ್ ಓದಿದ್ದು ಅಜ್ಜನಲ್ಲ. ಸ್ಕ್ರಿಪ್ಟ್ ಬರೆಯುವಾಗ ‘ಇದು ಅವರಿಗೆ ಬೇಡ’ ಎಂದು ನಾನೇ ಒಂದು ಸಾಲು ಸೇರಿಸಿದರೆ ನನ್ನ ಸ್ಥಾನ ಆ ಕಣ್ಸನ್ನೆಯವರದು.

ಹಾಗೆಂದು ಎಲ್ಲವನ್ನೂ ಓದಿಸಿಬಿಡುವುದು ಪ್ರಾಮಾಣಿಕತೆ ಎಂದುಕೊಂಡರೆ ಅದೂ ಮೋಸ. ಪ್ರತಿ ಗೆರೆ, ಪ್ರತಿ ಚೌಕಟ್ಟು, ಸೆಕೆಂಡಿಗೊಮ್ಮೆ ಬದಲಾಗುವ ಗಡಿಯಾರ, ಎಲ್ಲವನ್ನೂ ಹೇಳುವ ಸ್ಕ್ರಿಪ್ಟುಗಳನ್ನು ನಾನು ನೋಡಿದ್ದೇನೆ. ಮುಂದೆ ಯಾರೂ ‘ಇದನ್ನು ಹೇಳಲಿಲ್ಲ’ ಎಂದು ದೂರಬಾರದು, ಅಷ್ಟೇ ಅವುಗಳ ಕಾಳಜಿ. ಕೆಲವು ಸರ್ಕಾರಿ ಸುತ್ತೋಲೆಗಳೂ ಹೀಗೇ ಇರುತ್ತವೆ, ಬಿಡಿ. ಹೇಳಬೇಕಾದ ಒಂದು ಮಾತನ್ನು ನೂರು ಮಾತಿನ ನಡುವೆ ಹೂತು, ಹೇಳಿದ್ದೇನಲ್ಲ ಎಂದು ಕೈ ತೊಳೆದುಕೊಳ್ಳುವುದು ಮೌನಕ್ಕಿಂತ ಸೋಮಾರಿ ಕೆಲಸ. ಆಯ್ದುಕೊಳ್ಳುವ ಹೊಣೆ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಎನ್‌ವಿಡಿಎ ಕಟ್ಟಿದವರು ಇದಕ್ಕೊಂದು ದಾರಿ ಇಟ್ಟಿದ್ದಾರೆ. ತಾನಾಗಿ ಹೇಳುವುದು ಬೇರೆ, ಕೇಳಿದರೆ ಹೇಳುವುದು ಬೇರೆ. ಟ್ಯಾಬ್ ಒತ್ತಿ ಹೋಗುವ ದಾರಿಯಲ್ಲಿ ಸಿಗದ ವಸ್ತುವನ್ನೂ ‘ಆಬ್ಜೆಕ್ಟ್ ನ್ಯಾವಿಗೇಶನ್’ ಎಂಬ ಕೀಲಿಗಳಿಂದ ಹುಡುಕಿಕೊಂಡು ಹೋಗಬಹುದು: ಈ ವಿಂಡೋದೊಳಗೆ ಇಳಿ, ಪಕ್ಕದ್ದಕ್ಕೆ ಹೋಗು, ಮೇಲಕ್ಕೆ ಬಾ. ಒಳ್ಳೆಯ ಸ್ಕ್ರಿಪ್ಟ್ ಈ ದಾರಿಯನ್ನು ಮುಚ್ಚುವುದಿಲ್ಲ. ಬೇಡವೆಂದದ್ದನ್ನು ಹಿಂದಕ್ಕೆ ಸರಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಗಡಿಯಾರ ಸುಮ್ಮನಿರಲಿ, ಆದರೆ ಹುಡುಕಿ ಹೋದವರಿಗೆ ಗಂಟೆ ಎಷ್ಟೆಂದು ಹೇಳಲೇಬೇಕು. ಗುಮಾಸ್ತರ ಸ್ಕ್ರಿಪ್ಟಿನಲ್ಲಿ ಸುಸ್ತಿ ಪಟ್ಟಿಯನ್ನು ಯಂತ್ರ ತಾನಾಗಿ ಓದುತ್ತದೆ, ಸದಸ್ಯರ ವಿಳಾಸವನ್ನು ಕೇಳಿದರೆ ಮಾತ್ರ. ಕೌಂಟರಿನ ಎದುರು ಜನ ನಿಂತಿರುವಾಗ ಸುಸ್ತಿ ಜೋರಾಗಿ ಓದಿದರೆ ಸದಸ್ಯರ ಮಾನ ಹೋಗದೇ ಎಂಬ ಪ್ರಶ್ನೆ ಬಂತು. ಹೆಡ್‌ಫೋನ್ ಇರುವ ತನಕ ಆ ಭಯವಿಲ್ಲ ಎಂದು ಗುಮಾಸ್ತರೇ ಅದನ್ನು ತೀರಿಸಿದರು. ಸುಸ್ತಿದಾರರ ಹೆಸರನ್ನು ಕೌಂಟರಿನಲ್ಲಿ ಕೂಗಿ ಹೇಳಲು ಪಕ್ಕದ ಟೇಬಲ್ಲಿನವರಿಗೆ ಯಾವ ಯಂತ್ರವೂ ಬೇಕಾಗಿರಲಿಲ್ಲ.

ಸ್ಕ್ರಿಪ್ಟ್ ಬರೆಯುವವರಿಗೆ ಬೇಗ ಪರಿಚಯವಾಗುವ ಇನ್ನೊಂದು ಸಂಗತಿ ಇದೆ. ಕಂಪ್ಯೂಟರಿನಲ್ಲಿ ಏನೇ ಆದರೂ, ಅಂದರೆ ಕರ್ಸರ್ ಒಂದು ಪೆಟ್ಟಿಗೆಗೆ ಬಂದರೆ, ಒಂದು ವಿಂಡೋ ಮುಂದೆ ಬಂದರೆ, ಒಂದು ಹೆಸರು ಬದಲಾದರೆ, ಅದರ ಸುದ್ದಿ ಎನ್‌ವಿಡಿಎಯೊಳಗೆ ಕೈಯಿಂದ ಕೈಗೆ ದಾಟುತ್ತದೆ. ಮೊದಲು ಎಲ್ಲ ಅಪ್ಲಿಕೇಶನ್ನುಗಳಿಗೂ ಅನ್ವಯಿಸುವ ಪ್ಲಗಿನ್‌ಗಳು, ಆಮೇಲೆ ಆ ಅಪ್ಲಿಕೇಶನ್ನಿನದೇ ಸ್ಕ್ರಿಪ್ಟ್, ಕೊನೆಗೆ ಆ ಪೆಟ್ಟಿಗೆಯದೇ ಕೋಡ್. ಮಾತು ಹೊರಡುವುದು ಸಾಮಾನ್ಯವಾಗಿ ಈ ಕೊನೆಯ ಕೈಯಿಂದ. ನಡುವೆ ಇರುವವರು ತಮ್ಮ ಕೆಲಸ ಮುಗಿಸಿ ‘ನೆಕ್ಸ್ಟ್‌ಹ್ಯಾಂಡ್ಲರ್’ ಎಂದು ಕರೆಯಬೇಕು. ಕರೆದರೆ ಸುದ್ದಿ ಮುಂದಕ್ಕೆ ಹೋಗುತ್ತದೆ. ಆ ಒಂದು ಸಾಲು ಬಿಟ್ಟುಹೋದರೆ ಸುದ್ದಿ ಅಲ್ಲೇ ನಿಲ್ಲುತ್ತದೆ. ಎರರ್ ಬರುವುದಿಲ್ಲ, ಲಾಗ್‌ನಲ್ಲಿ ಕೆಂಪು ಸಾಲಿಲ್ಲ, ಕಂಪ್ಯೂಟರ್ ಕೆಟ್ಟಂತೆಯೂ ಕಾಣುವುದಿಲ್ಲ. ಬರೀ ಮಾತಿಲ್ಲ, ಅಷ್ಟೆ. ಜಾಸ್‌ನಲ್ಲೂ ಹೀಗೆಯೇ: ಮೂಲ ಸ್ಕ್ರಿಪ್ಟಿನಲ್ಲಿರುವ ಹೆಸರಿನಲ್ಲೇ ನೀವೊಂದು ಫಂಕ್ಷನ್ ಬರೆದರೆ ನಿಮ್ಮದೇ ಓಡುತ್ತದೆ, ಮೂಲದ್ದು ನೀವು ಕರೆದ ಹೊರತು ಬರುವುದಿಲ್ಲ.

ಬರೆಯುವವನು ತನಗೆ ಆಸಕ್ತಿಯಿದ್ದ ಒಂದು ಪೆಟ್ಟಿಗೆಯ ಬಗ್ಗೆ ಮಾತ್ರ ಯೋಚಿಸಿರುತ್ತಾನೆ. ಅವನ ಕೈ ದಾಟಿ ಹೋಗಬೇಕಾದ ಸುದ್ದಿಗಳು ಅದೊಂದರದೇ ಅಲ್ಲ, ವಿಂಡೋದ ಎಲ್ಲ ಪೆಟ್ಟಿಗೆಗಳದೂ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ತಿರಸ್ಕಾರವಾದರೆ ಮೇಲ್ಮನವಿ ಹಾಕಬಹುದು. ಅದೇ ಅರ್ಜಿ ಒಂದು ಮೇಜಿನ ಮೇಲೆ ಕೂತೇಬಿಟ್ಟರೆ ಯಾರ ಮೇಲೆ ಹಾಕುವುದು? ‘ಇಲ್ಲ’ ಎಂದು ಹೇಳಿ ಕೆಡಿಸಿದವರಿಗಿಂತ, ತಮ್ಮ ಮೇಜಿಗೆ ಬಂದದ್ದನ್ನು ಮುಂದೆ ಕಳಿಸದೆ ಕೆಡಿಸಿದವರು ಜಗತ್ತಿನಲ್ಲಿ ಹೆಚ್ಚು ಎಂದು ನನ್ನ ಅನುಮಾನ. ಅವರಲ್ಲಿ ದುಷ್ಟರು ಕಡಿಮೆ. ತಮ್ಮ ಕೆಲಸ ಮುಗಿಯಿತು ಎಂದುಕೊಂಡವರೇ ಹೆಚ್ಚು.

ಹೆಸರಿಡುವುದಕ್ಕೂ ಕಾಲದ ಕಾಟ ಇದೆ. ಆ ಲೆಕ್ಕದ ಸಾಫ್ಟ್‌ವೇರಿನಲ್ಲಿ ಸಂಖ್ಯೆ 17 ಇರುವ ಗುಂಡಿ ‘ಉಳಿಸು’ ಎಂದಿಟ್ಟುಕೊಳ್ಳಿ. ಸ್ಕ್ರಿಪ್ಟಿನಲ್ಲಿ ಹಾಗೇ ಬರೆದಿರಿ. ಮುಂದಿನ ಆವೃತ್ತಿಯಲ್ಲಿ ತಯಾರಕರು ಗುಂಡಿಗಳನ್ನು ಹಿಂದುಮುಂದು ಮಾಡಿದರು. ಈಗ 17 ಎಂದರೆ ‘ಅಳಿಸು’. ಗುಮಾಸ್ತರ ಕಿವಿಗೆ ಮಾತ್ರ ಅದೇ ನಂಬಿಕಸ್ಥ ದನಿ ‘ಉಳಿಸು’ ಎಂದೇ ಹೇಳುತ್ತಿರುತ್ತದೆ. ಬರೀ ‘ಬಟನ್’ ಎನ್ನುತ್ತಿದ್ದ ಕಾಲದಲ್ಲಿ ಅವರು ಹುಷಾರಾಗಿದ್ದರು, ಒತ್ತುವ ಮೊದಲು ಎರಡು ಸಲ ಯೋಚಿಸುತ್ತಿದ್ದರು. ನಾವು ಕೊಟ್ಟ ಹೆಸರೇ ಅವರ ಹುಷಾರನ್ನು ಕಿತ್ತುಕೊಂಡಿತು. ಯಾರನ್ನಾದರೂ ನಿರಾಳ ಮಾಡಿದ ಮೇಲೆ ಅವರ ಎಚ್ಚರದ ಒಂದು ಪಾಲು ನಮ್ಮ ಹೊಣೆಗೆ ಬಂದಿರುತ್ತದೆ. ಹಗುರಾಗಿ ಉಪಕಾರ ಮಾಡುವವರು ಈ ಲೆಕ್ಕವನ್ನು ಬರೆದಿಡುವುದಿಲ್ಲ.

ನೋಟ್‌ಪ್ಯಾಡಿನ ವಿಷಯದಲ್ಲಿ ಇದರ ಸೌಮ್ಯ ರೂಪ ನಡೆದಿದೆ. ವಿಂಡೋಸ್ 11ರ ಹೊಸ ನೋಟ್‌ಪ್ಯಾಡಿನಲ್ಲಿ ಹಾಳೆಯ ವರ್ಗ ‘ಎಡಿಟ್’ ಅಲ್ಲ, ಬೇರೆಯೇ. ಹಳೆಯ ಸ್ಕ್ರಿಪ್ಟಿನ ಷರತ್ತು ಹೊಂದುವುದಿಲ್ಲ, ಅದು ಸುಮ್ಮನೆ ಪಕ್ಕಕ್ಕೆ ಸರಿಯುತ್ತದೆ. ಹೀಗೆ ವರ್ಗ, ಸಂಖ್ಯೆ ಎರಡೂ ಹೊಂದಿದರೆ ಮಾತ್ರ ಬಾಯಿ ತೆರೆ, ಇಲ್ಲದಿದ್ದರೆ ಹಿಂದೆ ನಿಲ್ಲು ಎಂದು ಬರೆದ ಸ್ಕ್ರಿಪ್ಟ್ ಹಳತಾದರೂ ಕೆಡುಕು ಮಾಡುವುದು ಕಡಿಮೆ. ಅವಸರದವರು ಒಂದೇ ಗುರುತನ್ನು ನಂಬುತ್ತಾರೆ. ಇನ್ನೂ ಅವಸರದವರು ‘ಮೂರನೆಯದರ ಒಳಗಿನ ಎರಡನೆಯದು’ ಎಂದು ಎಣಿಸಿ ಹೋಗುತ್ತಾರೆ, ತಯಾರಕರು ನಡುವೆ ಒಂದು ಗೆರೆ ಸೇರಿಸಿದರೂ ಸಾಕು, ಬೇರೆ ಮನೆಯ ಬಾಗಿಲು ತಟ್ಟುತ್ತಾರೆ.

ಇಂಥ ಸ್ಕ್ರಿಪ್ಟುಗಳನ್ನು ಹಂಚಲು ಕಟ್ಟುವ ಎನ್‌ವಿಡಿಎಯ ಆಡ್-ಆನ್ ಕಟ್ಟುಗಳ ಜೊತೆ ‘ಮ್ಯಾನಿಫೆಸ್ಟ್’ ಎಂಬ ಚಿಕ್ಕ ಕಡತ ಇರುತ್ತದೆ. ಹೆಸರು, ಲೇಖಕರು, ಆವೃತ್ತಿ ಇತ್ಯಾದಿ. ಅದರಲ್ಲಿ ‘ಲಾಸ್ಟ್ ಟೆಸ್ಟೆಡ್’ ಎಂಬ ಸಾಲೊಂದಿದೆ: ಎನ್‌ವಿಡಿಎಯ ಯಾವ ಆವೃತ್ತಿಯ ತನಕ ಇದನ್ನು ಪರೀಕ್ಷೆ ಮಾಡಿದ್ದೇನೆ ಎಂದು ಬರೆದವರು ಹೇಳಿಕೊಳ್ಳುವ ಸಾಲು. ಎನ್‌ವಿಡಿಎ ಬಹಳ ಮುಂದೆ ಹೋಗಿ, ಒಳಗಿನ ವ್ಯವಸ್ಥೆಯೇ ಬದಲಾಗಿ, ಆ ಸಾಲು ಹಿಂದೆ ಉಳಿದರೆ ಆಡ್-ಆನ್ ಹೊಂದಿಕೆಯಿಲ್ಲದ್ದೆಂದು ನಿಂತುಬಿಡುತ್ತದೆ. 2019.3ರಲ್ಲಿ ಎನ್‌ವಿಡಿಎ ಪೈಥಾನ್ 3ಕ್ಕೆ ಹಾರಿದಾಗ ಹಳೆಯ ಆಡ್-ಆನ್‌ಗಳಿಗೆಲ್ಲ ಮತ್ತೆ ಪರೀಕ್ಷೆಗೆ ಕೂರುವ ಗತಿ ಬಂದಿತ್ತು. ಬರೆಯುವವರಿಗೆ ಇದು ಕಿರಿಕಿರಿ; ಪ್ರತಿ ವರ್ಷ ಒಂದು ಅಂಕಿ ತಿದ್ದಲು ಮತ್ತೆ ಎಲ್ಲ ತೆರೆದು ನೋಡಬೇಕು. ನನಗಂತೂ ಆ ಸಾಲಿನ ಮೇಲೆ ಗೌರವ. ನಾವು ಕೊಡುವ ಸಲಹೆಗಳಿಗೆ, ಹಿರಿಯರು ಹೇಳುವ ಬುದ್ಧಿಮಾತುಗಳಿಗೆ ಅಂಥದ್ದೊಂದು ಸಾಲು ಅಂಟಿಸಿರುವುದಿಲ್ಲ. ಯಾವ ಕಾಲದ ಯಾವ ಜಗತ್ತಿನಲ್ಲಿ ಪರೀಕ್ಷೆ ಮಾಡಿದ್ದೆಂದು ಹೇಳದೆಯೇ ಮಕ್ಕಳ ಕೈಗೆ ಕೊಡುತ್ತೇವೆ.

ಇಷ್ಟೆಲ್ಲ ಆದ ಮೇಲೆ ಒಂದು ಸಿಟ್ಟಿನ ಪ್ರಶ್ನೆ ಉಳಿಯುತ್ತದೆ. ಈ ಸ್ಕ್ರಿಪ್ಟ್ ಬೇಕಾದದ್ದಾದರೂ ಯಾಕೆ? ಗುಂಡಿಗೆ ಹೆಸರು ಕೊಡುವುದು ಅದನ್ನು ಮಾಡಿದವರ ಕೈಯಲ್ಲಿ ಒಂದು ಸಾಲಿನ ಕೆಲಸ. ಮೈಕ್ರೋಸಾಫ್ಟ್ ಅದಕ್ಕೆ ಬೇಕಾದ ವ್ಯವಸ್ಥೆಯನ್ನು 1990ರ ದಶಕದಲ್ಲೇ ಕೊಟ್ಟಿದೆ. ಅವರು ಬರೆಯದ ಆ ಒಂದು ಸಾಲನ್ನು ಹೊರಗಿನಿಂದ ಅಂಟಿಸಲು ನಾವು ಇನ್ನೂರು ಸಾಲು ಬರೆಯುತ್ತೇವೆ. ಪುಣೆಯಲ್ಲಿ ಹುಟ್ಟಿ, ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡು, ಐಐಟಿ ಬಾಂಬೆಯಲ್ಲಿ ಓದಿ, ಮುಂದೆ ಕಾರ್ನೆಲ್‌ನಲ್ಲಿ ಗಣಿತವನ್ನು ಕಿವಿಗೆ ಕೇಳಿಸುವ ಬಗ್ಗೆ 1994ರಲ್ಲಿ ಡಾಕ್ಟರೇಟ್ ಪಡೆದ ಟಿ. ವಿ. ರಾಮನ್ ಈ ಸ್ಕ್ರೀನ್ ಓದುವ ಕಲ್ಪನೆಯನ್ನೇ ಪಕ್ಕಕ್ಕಿಟ್ಟರು. ಕಣ್ಣಿಗೆಂದು ಚಿತ್ರ ಬಿಡಿಸಿ, ಆ ಚಿತ್ರದಿಂದ ಅರ್ಥವನ್ನು ಊಹಿಸಿ, ಊಹೆಯನ್ನು ಓದುವುದು ಸುತ್ತುಬಳಸು ದಾರಿ. ಅಪ್ಲಿಕೇಶನ್ನಿಗೆ ಅರ್ಥ ಗೊತ್ತೇ ಇದೆ, ಅದೇ ನೇರವಾಗಿ ಮಾತಾಡಲಿ. 1995ರಲ್ಲಿ ಅವರು ಹೊರತಂದ ಈಮ್ಯಾಕ್‌ಸ್ಪೀಕ್ ನಡೆಯುವುದು ಹಾಗೆ. ಅದರಲ್ಲಿ ಕ್ಯಾಲೆಂಡರ್ ತೆರೆದರೆ ಅಂಕಿಗಳ ಸಾಲು ಕೇಳಿಸುವುದಿಲ್ಲ, ಇವತ್ತು ಯಾವ ವಾರ ಯಾವ ತಾರೀಕು ಎಂದು ಪೂರ್ತಿಯಾಗಿ ಕೇಳಿಸುತ್ತದೆ.

ರಾಮನ್ ಅವರ ವಾದ ಸರಿ ಎಂದೇ ನನ್ನ ನಂಬಿಕೆ. ಕಾನೂನೂ ಈಗ ಆ ಕಡೆಗೇ ನಿಂತಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಕೆವೈಸಿ ವಿಧಾನಗಳ ಕುರಿತ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳು ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೇ ಸೇರಿದ್ದು ಎಂದು ಹೇಳಿತು. ಹಾಗಾದರೆ ಸ್ಕ್ರಿಪ್ಟ್ ಬರೆಯುವವನು ತಯಾರಕರ ತಪ್ಪಿಗೆ ತೇಪೆ ಹಾಕಿ ಅವರನ್ನು ಬಚಾವು ಮಾಡುತ್ತಿದ್ದಾನೆಯೇ? ಒಂದು ಮಟ್ಟಿಗೆ ಹೌದು. ಎಲ್ಲ ಹೇಗೋ ನಡೆಯುತ್ತಿದೆ ಎಂದಾದ ಮೇಲೆ ಯಾರೂ ಮೂಲಕ್ಕೆ ಕೈ ಹಾಕುವುದಿಲ್ಲ. ಆದರೆ ತೀರ್ಪು ಜಾರಿಯಾಗಿ, ಸಂಘದ ಸಾಫ್ಟ್‌ವೇರ್ ಸರಿಯಾಗುವ ತನಕ ಗುಂಡಿ ಎಣಿಸುತ್ತಿರಿ ಎಂದು ಗುಮಾಸ್ತರಿಗೆ ಹೇಳುವ ಅಧಿಕಾರವೂ ನನಗಿಲ್ಲ. ನಾವು ಕಂಡುಕೊಂಡ ದಾರಿ ಇಷ್ಟು: ಸ್ಕ್ರಿಪ್ಟಿನಲ್ಲಿ ಹೆಸರು ಕೊಟ್ಟ ಪ್ರತಿ ಗುಂಡಿಯ ಪಟ್ಟಿ ಮಾಡಿ, ‘ಇದು ನಿಮ್ಮ ಕಡೆಯಿಂದ ಆಗಬೇಕಾದ ಕೆಲಸ’ ಎಂದು ಸಂಘದ ಲೆಟರ್‌ಹೆಡ್ಡಿನಲ್ಲೇ ತಯಾರಕರಿಗೆ ಕಳಿಸಿದೆವು. ಮೂರು ಗುಂಡಿಗೆ ಹೆಸರು ಬಂತು. ಉಳಿದವಕ್ಕೆ ಮತ್ತೆ ಬರೆಯಬೇಕು.

ತಯಾರಕರನ್ನು ಬೈಯುವುದು ಸುಲಭ. ಅದೇ ಸಂಘದ ಕಂಪ್ಯೂಟರಿನಲ್ಲಿ ನಾವು ಕನ್ನಡಿಗರೇ ಮಾಡಿಟ್ಟ ಒಂದು ಕಗ್ಗಂಟೂ ಇತ್ತು. ಹಳೆಯ ನಡಾವಳಿಗಳು, ನೋಟಿಸುಗಳು ಎಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಪರದೆಯ ಮೇಲೆ ಮುದ್ದಾದ ಕನ್ನಡ. ಸ್ಕ್ರೀನ್ ರೀಡರ್ ಫಾಂಟಿನ ಅಂದ ನೋಡುವುದಿಲ್ಲ, ಒಳಗಿರುವ ಅಕ್ಷರದ ಸಂಕೇತವನ್ನು ನೋಡುತ್ತದೆ. ಒಳಗಿರುವುದು ರೋಮನ್ ಅಕ್ಷರಗಳು, ಯುರೋಪಿನ ಚಿಹ್ನೆಗಳು. ಅವುಗಳ ಮೇಲೆ ಕನ್ನಡದ ಆಕಾರ ಹೊದಿಸಿದೆ, ಅಷ್ಟೆ. ‘ಕನ್ನಡ’ ಎಂಬ ಪದವನ್ನೇ ಬಿಡಿಬಿಡಿಯಾಗಿ ಓದಿಸಿದರೆ ಅದು ಇಂಗ್ಲಿಷಿನ ‘ಪಿ’ಯಿಂದ ಶುರುವಾಗಿ, ತಲೆಯ ಮೇಲೆ ಗೆರೆ ಹೊತ್ತ ‘ಎ’ಗೆ ಬಂದು, ಬ್ರಿಟಿಷರ ಪೌಂಡ್ ಗುರುತನ್ನು ದಾಟಿ, ಜರ್ಮನ್ನರ ಒಂದು ಅಕ್ಷರವನ್ನೂ ಮುಟ್ಟಿ ಹೋಗುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ವಿಂಡೋಸ್ ಎಕ್ಸ್‌ಪಿಯಲ್ಲೇ ಅದಕ್ಕೆ ಹೊಂದುವ ತುಂಗಾ ಎಂಬ ಕನ್ನಡ ಫಾಂಟ್ ಇತ್ತು. ಎನ್‌ವಿಡಿಎ ಜೊತೆ ಬರುವ ಈಸ್ಪೀಕ್ ದನಿಗೆ ಕನ್ನಡ ಬರುತ್ತದೆ. ಉಚ್ಚಾರ ಸ್ವಲ್ಪ ಲೋಹದ ಡಬ್ಬಿಯೊಳಗಿಂದ ಬಂದ ಹಾಗಿರುತ್ತದೆ, ಆದರೂ ಕನ್ನಡವೇ. ಇಷ್ಟೆಲ್ಲ ಇದ್ದೂ ‘ಪ್ರಿಂಟ್ ಚೆನ್ನಾಗಿ ಬರುತ್ತದೆ’ ಎಂಬ ಒಂದೇ ಕಾರಣಕ್ಕೆ ಎಷ್ಟೋ ಕಚೇರಿಗಳು ಹಳೆಯದಕ್ಕೇ ಜೋತುಬಿದ್ದಿವೆ. ಕಣ್ಣಿರುವವರಿಗೆ ಕಂಡರೆ ಎಲ್ಲರಿಗೂ ತಲುಪಿದಂತೆ ಎಂಬ ಎಣಿಕೆ ಇದರೊಳಗೆ ಕೂತಿದೆ. ಅದಕ್ಕೂ ಒಂದು ಸ್ಕ್ರಿಪ್ಟ್ ಬರೆದೆವು. ಆಯ್ದುಕೊಂಡ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ ಓದುತ್ತದೆ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವುತ್ತದೆ. ಎಡವಿದ ಕಡೆ ಊಹಿಸಿ ಅಂದವಾಗಿ ಓದುವ ಬದಲು ‘ಗೊತ್ತಾಗಲಿಲ್ಲ’ ಎಂದು ಹೇಳುವಂತೆ ಮಾಡಿದ್ದೇವೆ. ಊಹಿಸಿದ್ದರೆ ಓದು ಸರಾಗವಾಗಿರುತ್ತಿತ್ತು, ನಡಾವಳಿಯಲ್ಲಿ ಯಾರ ಸಾಲಕ್ಕೆ ಯಾರು ಜಾಮೀನು ಎಂಬುದು ಮಾತ್ರ ಅದಲುಬದಲಾಗಬಹುದಿತ್ತು.

ಈ ನಡುವೆ ಗುಮಾಸ್ತರು ಪೈಥಾನ್ ಕಲಿಯಲು ಶುರುಮಾಡಿದರು. ಪೈಥಾನ್‌ನಲ್ಲಿ ಸಾಲು ಎಷ್ಟು ಒಳಗಿನಿಂದ ಶುರುವಾಗುತ್ತದೆ ಎಂಬುದರ ಮೇಲೆ ಅರ್ಥ ನಿಂತಿದೆ; ಕಣ್ಣಿಲ್ಲದೆ ಅದು ಕಷ್ಟ ಎಂದು ನಾನೇ ಹಿಂಜರಿದಿದ್ದೆ. ಎನ್‌ವಿಡಿಎಯಲ್ಲಿ ಅಂಚಿನ ಜಾಗವನ್ನು ದನಿಯಿಂದ ತಿಳಿಸುವ ಆಯ್ಕೆ ಇದೆ. ಸಾಲು ಒಳಗೆ ಸರಿದಷ್ಟೂ ಸ್ವರ ಬದಲಾಗುತ್ತದೆ. ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವ ಅವರಿಗೆ ಅದೊಂದು ವಿಷಯವೇ ಆಗಲಿಲ್ಲ.

ಮೊನ್ನೆ ಹೋದಾಗ ಸ್ಕ್ರಿಪ್ಟ್ ತೆರೆದು ನೋಡಿದರೆ ಖಾತೆ ಓದುವ ಭಾಗ ಪೂರ್ತಿ ಬೇರೆಯಾಗಿತ್ತು. ನಾನು ಶಿಲ್ಕನ್ನು ಮೊದಲು ಇಟ್ಟಿದ್ದೆ, ಆಮೇಲೆ ಸುಸ್ತಿ. ಅವರು ಸದಸ್ಯರ ಹೆಸರನ್ನು ಎಲ್ಲಕ್ಕಿಂತ ಮುಂದೆ ತಂದಿದ್ದರು. ಹೆಸರು ಅವರೇ ಟೈಪ್ ಮಾಡಿ ಹುಡುಕಿರುತ್ತಾರಲ್ಲ, ಮತ್ತೆ ಯಾಕೆ ಓದಿಸಬೇಕು ಎಂದು ಕೇಳಿದೆ.

“ಒಂದೇ ಹೆಸರಿನವ್ರು ನಾಲ್ಕು ಜನ ಇದಾರೆ ಸರ್ ಈ ಊರಲ್ಲಿ. ತಂದೆ ಹೆಸರು ಸಮೇತ ಕೇಳಿಸ್ದೆ ಶಿಲ್ಕು ಮಾತ್ರ ತಗೊಂಡು ನಾನೇನ್ ಮಾಡ್ಲಿ?”

ಈಗ ಮೊದಲು ಹೆಸರು, ತಂದೆಯ ಹೆಸರು, ಆಮೇಲೆ ಸುಸ್ತಿ, ಕೊನೆಗೆ ಶಿಲ್ಕು. ಮ್ಯಾನಿಫೆಸ್ಟಿನಲ್ಲಿ ‘ಲಾಸ್ಟ್ ಟೆಸ್ಟೆಡ್’ ಸಾಲನ್ನೂ ಅವರೇ ಹೊಸ ಆವೃತ್ತಿಗೆ ತಿದ್ದಿ, ಲೇಖಕರು ಎಂಬಲ್ಲಿ ನನ್ನ ಹೆಸರಿನ ಮುಂದೆ ತಮ್ಮ ಹೆಸರು ಸೇರಿಸಿದ್ದಾರೆ.